ಸ್ಟಾರಿನ ಎಡಕ್ಕ ಮನಿ, ಬಲಕ್ಕ ಕಿಸೆ

ನಿಡಗುಂದಿಯ ನನ್ನ ಅಂಗಡಿಯಲ್ಲಿ ಪಂಪ್ ಸ್ಟಾರ್ಟರಿನ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದೆ. ಪಕ್ಕದ ಗಾಣದಿಂದ ಹಸಿ ಕಬ್ಬಿನ ವಾಸನೆ ಬಂದು ಬೆಸುಗೆಯ ಹೊಗೆಯೊಂದಿಗೆ ಸೇರಿತು. ಇವೆರಡು ಕೂಡಿದರೆ ನನ್ನ ಮೂಗಿಗೆ ಮೂರನೆಯದೊಂದು ಬರುತ್ತದೆ... ರಕ್ತದ್ದು.

ಸಿಂದಗಿಯಲ್ಲಿ ಡಿಪ್ಲೊಮಾ ಓದುವಾಗ ಮೈಕ್ರೊಕಂಟ್ರೋಲರ್ ಕಲಿಸಿದ ಸರ್, ಬಾಯಿಗಿಂತ ಮೊದಲು ಸ್ಟೀಲ್ ಪಟ್ಟಿ ಬೀಸುತ್ತಿದ್ದರು. ಪ್ರೋಗ್ರಾಮಿನ ಪಾಯಿಂಟರ್ ಅಂದರೆ ಅವರಿಗೆ ವಿಳಾಸ ಬರೆದ ಚೀಟಿ; ಸಾಲಿನ ನಡುವೆ ಹಾಕುವ ನಕ್ಷತ್ರದ ಗುರುತು (*), ಅಂದರೆ ಸ್ಟಾರು, ಅದರ ಚಿಹ್ನೆ. “ಸ್ಟಾರಿನ ಎಡಕ್ಕ ಮನಿ ಇರೋ ಊರು, ಬಲಕ್ಕ ಚೀಟಿ ಇಟ್ಟ ಕಿಸೆ. ಹೊರಗಿನ ಮೆಮರಿಗೆ ಎಕ್ಸ್‌ಡೇಟಾ, ಚಿಪ್ಪಿನ ಒಳಗಿಂದಕ್ಕ ಡೇಟಾ. ತಿಳೀತಿಲ್ಲೊ?” ತಿಳಿಯದಿದ್ದರೆ ಗೆಣ್ಣಿನ ಮೇಲೆ ಪಟ್ಟಿ. ಇಂಡಿ ಊರಿನ ಗೆಳೆಯನ ಗೆಣ್ಣು ಒಡೆದು ಕೀಬೋರ್ಡ್ ಕೆಂಪಾಗಿತ್ತು. ನನ್ನ ಬೆನ್ನಂತೂ ಸಾರ್ವಜನಿಕ ಆಸ್ತಿ. ಆದರೂ ಯಾವ ಯಂತ್ರವಿರಲಿ, ಮೊದಲ ಕೈ ಅವರದೇ. “ನಿಮ್ಮ ಬೆರಳು ಹೋದ್ರ ನಿಮ್ಮವ್ವಗ ಏನ್ ಹೇಳ್ಲಿ?”

ನಮ್ಮ ಪ್ರಾಜೆಕ್ಟು, ಬಿತ್ತನೆಗೆ ಕಬ್ಬು ತುಂಡರಿಸುವ ಯಂತ್ರ. ನಿಲ್ಲಿಸುವ ಗುಂಡಿಯನ್ನು ಹೊರಗಿನ ಮೆಮರಿಯಿಂದ ಓದುವ ಸಾಲು ನನ್ನ ಪಾಲಿಗೆ ಬಂತು. ಸರ್ ಚಹಾಕ್ಕೆ ಹೋದಾಗ ನಾನು ಪಟ್ಟಿ ಹಿಡಿದು, ಅವರ ಗಂಟಲಲ್ಲಿ “ಎಡಕ್ಕೇನು? ಬಲಕ್ಕೇನು?” ಅಂತ ಗದರುತ್ತ, ಒಂದೇ ಕೈಯಲ್ಲಿ ಟೈಪ್ ಮಾಡಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿ ಡೇಟಾ ಎಡಕ್ಕೆ ಬಿತ್ತು, ಎಕ್ಸ್‌ಡೇಟಾ ಬಲಕ್ಕೆ, ಪೂರಾ ಉಲ್ಟಾ. ತಪ್ಪು ಸೊನ್ನೆ, ಎಚ್ಚರಿಕೆ ಒಂದು ಎಂದಿತು ಪ್ರೋಗ್ರಾಮು ತಪಾಸಿಸುವ ಕಂಪೈಲರ್. ಎಚ್ಚರಿಕೆ ಓದುವಂಥ ಸಣ್ಣ ಮನುಷ್ಯ ನಾನಾಗಿರಲಿಲ್ಲ.

ಯಂತ್ರ ನಾಲ್ಕಾರು ಕಬ್ಬು ಚೆನ್ನಾಗಿ ಕಡಿಯಿತು. ಆಮೇಲೆ ಒಂದು ಗಟ್ಟಿ ಗಿಣ್ಣಿಗೆ ಬ್ಲೇಡು ಸಿಕ್ಕಿ ನಿಂತಿತು. ಸರ್ ನಿಲ್ಲಿಸುವ ಗುಂಡಿ ಒತ್ತಿದರು. ಮೋಟರು ಮಾತ್ರ ಒಳಗೇ ಗುಂಯ್ಗುಡುತ್ತಿತ್ತು. ಪ್ರೋಗ್ರಾಮು ಗುಂಡಿಯನ್ನು ಬೇರೆಯೇ ಊರಲ್ಲಿ ಹುಡುಕುತ್ತಿತ್ತು. ಆ ಸದ್ದು ಅವರಿಗೆ ಕೇಳಬೇಕಿತ್ತು. ಕೇಳಲಿಲ್ಲ, ಯಾಕೆಂದರೆ ಅವರ ಬೆನ್ನ ಹಿಂದೆ ನಾನು ಅವರಂತೆಯೇ ಬಗ್ಗಿ ಕೈ ಚಾಚಿದ್ದೆ, ಲ್ಯಾಬೇ ನಗುತ್ತಿತ್ತು. ಅವರು ಕಬ್ಬು ಎಳೆದರು. ಬ್ಲೇಡು ತಿರುಗಿತು. ಗೋಡೆಗೆ ರಕ್ತ ಚಿಮ್ಮಿತು. ಕಬ್ಬಿನ ತುಂಡುಗಳ ನಡುವೆ ಎರಡು ಬೆರಳು ಬಿದ್ದಿದ್ದವು. ನನ್ನ ಕೈ ಇನ್ನೂ ಚಾಚಿಯೇ ಇತ್ತು...

ಮರುದಿನ ಸರ್ ಆಸ್ಪತ್ರೆಗೇ ಪ್ರೋಗ್ರಾಮಿನ ಪ್ರಿಂಟ್ ತರಿಸಿಕೊಂಡು ಓದಿದರು.

“ಬಹುರೂಪಿ, ಈ ಸಾಲು ನಿಂದ?” ಅಣಕಿಸುವ ನನಗೆ ಅವರಿಟ್ಟ ಹೆಸರದು.

“ಹೌದ್ರಿ.”

ಎಡಗೈಯಿಂದ ಬಾರಿಸಿದರು. ಕಿವಿ ಗುಂಯ್ ಎಂದಿತು, ಮೋಟರಿನ ಹಾಗೇ. “ತಿದ್ದಿ ತಗೊಂಡ್ ಬಾ. ಯಾರರ ಕೇಳಿದ್ರ, ಸರ್ ಫ್ಯೂಜ್ ತಗೀದ ಕೈ ಹಾಕಿದ್ರು ಅನ್ನು.” ಪ್ರಿನ್ಸಿಪಾಲರು ಕೇಳಿದರು. ನಾನು ಹಾಗೇ ಅಂದೆ. ಪಾಸೂ ಆದೆ.

ಹೋದ ತಿಂಗಳು ಸರ್ ತೀರಿಕೊಂಡರು. ಮುದ್ದೇಬಿಹಾಳದ ಅವರ ಮನೆಯಂಗಳದಲ್ಲಿ ಹಳೇ ಹುಡುಗರು ಕಣ್ಣೊರೆಸಿಕೊಳ್ಳುತ್ತಲೇ, “ಒಮ್ಮೆ ಸರ್‌ನ ಮಾಡಿ ತೋರ್ಸಲೇ” ಅಂದರು. ಪಟ್ಟಿ ಹಿಡಿದಂತೆ ಕೈ ಎತ್ತಿದೆ. ಎರಡು ಬೆರಳು ತಾವಾಗಿಯೇ ಮಡಚಿಕೊಂಡವು. ಯಾರೂ ನಗಲಿಲ್ಲ. ಇಂಡಿ ಊರಿನ ಗೆಳೆಯ ನನ್ನ ಕೈ ಹಿಡಿದು ಕೆಳಗಿಳಿಸಿದ.

“ಬೋರ್ಡ್ ಆತೇನ್ರಿ?” ಅಂಗಡಿಯಲ್ಲಿ ಗಿರಾಕಿ ಕೇಳಿದ. ಬೋರ್ಡು ಮುಟ್ಟಲು ಕೈ ಮುಂದೆ ತಂದಿದ್ದ.

“ಹಿಂದ ಸರೀರಿ,” ಅಂದೆ. ಅವನ ಕೈ ಸರಿಸಿ, ನನ್ನದನ್ನು ಇಟ್ಟೆ.