ಊಟದ ಹೊತ್ತಿನ ತಗ್ಗು

ನನ್ನ ಹೆಂಡತಿ ಹುಕ್ಕೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ನಾನು ಗೋಕಾಕದಲ್ಲಿ ದಿನಪತ್ರಿಕೆಯೊಂದರ ವರದಿಗಾರ. ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಚಳಿಗಾಲವಿಡೀ ಮನೆಯಲ್ಲಿ ಅವಳ ಎಂ.ಫಿಲ್. ಪ್ರಬಂಧದ್ದೇ ಮಾತು. ಬೆಲ್ಲಕ್ಕೆಂದು ಕಾಯಿಸುವ ಕಬ್ಬಿನ ಹಾಲಿನ ಉಷ್ಣತೆ ಹೊತ್ತು ಕಳೆದಂತೆ ಹೇಗೆ ಏರುತ್ತದೆ ಎಂಬುದು ವಿಷಯ. ಬೇಸಿಗೆಯೊಳಗೆ ಒಪ್ಪಿಸದಿದ್ದರೆ ನೋಂದಣಿ ರದ್ದಾಗುತ್ತಿತ್ತು.

ವಾರವಿಡೀ ಹುಕ್ಕೇರಿ ಬಸ್ಸು, ರವಿವಾರ ಕಲ್ಲೋಳಿ ಬಸ್ಸು. ಕಲ್ಲೋಳಿಯಲ್ಲಿ ಜೈನ ರೈತ ಕುಟುಂಬವೊಂದರ ಬೆಲ್ಲದ ಗಾಣವಿತ್ತು. ಅವಳು ಬಂದ ಮೇಲೆಯೇ ಅವರು ಕಡಾಯಿಗೆ ಬೆಂಕಿ ಹಚ್ಚುತ್ತಿದ್ದರು. ಸಂಜೆ ಬಸ್ಸಿಳಿದವಳು ನೇರ ನಿಲ್ದಾಣದ ಪಕ್ಕದ ಕಂಪ್ಯೂಟರ್ ಸೆಂಟರಿಗೆ ಹೋಗಿ, ಒಂದು ಸಾಲಿನಲ್ಲಿ ಹೊತ್ತು, ಇನ್ನೊಂದರಲ್ಲಿ ಉಷ್ಣತೆ ತುಂಬುವಳು. ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಪರದೆಯ ಮೇಲೆ ಚುಕ್ಕಿಗಳು ಏರುತ್ತ ಹೋಗಿ, ನಡುವೆ ಒಮ್ಮೆ ಕೆಳಗಿಳಿದು, ಮತ್ತೆ ಏರುತ್ತಿದ್ದವು. ಸರಳ ಸಮೀಕರಣದ ಗೆರೆ ಆ ತಗ್ಗಿಗೆ ಇಳಿಯುತ್ತಿರಲಿಲ್ಲ. ಅವಳು ಸಮೀಕರಣದಲ್ಲಿ ವರ್ಗ, ಘನ ಎಂದು ಘಾತ ಹೆಚ್ಚಿಸುತ್ತ ಹೋದಳು. ಆರನೆಯ ಘಾತಕ್ಕೆ ಗೆರೆ ಬಳುಕಿ ಎಲ್ಲ ಚುಕ್ಕಿಗಳ ಮೇಲೂ ಹಾಯ್ದಿತು. ಪ್ರತಿ ರವಿವಾರವೂ ತಗ್ಗು ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬಂತು. ಹಾಲು ಪಾಕವಾಗುವಾಗ ಒಳಗೆ ಏನೋ ಬದಲಾಗುತ್ತಿದೆ, ಹಿಂದೆ ಯಾರೂ ಇದನ್ನು ತೋರಿಸಿಲ್ಲ ಎಂದು ಧಾರವಾಡದ ಮಾರ್ಗದರ್ಶಕರು ಹಿಗ್ಗಿದರು. ಅವಳು ಇಡೀ ಅಧ್ಯಾಯ ಬರೆದಳು.

ಅವಳಿಗೆ ಬೆನ್ನುನೋವು ಬಂದು ಉಷ್ಣತೆ ಅಳೆಯುವ ಮೀಟರಿನ ಪೆಟ್ಟಿಗೆ ಹೊರಲಾರದ ಒಂದು ರವಿವಾರ ನಾನೂ ಜೊತೆಗೆ ಹೋದೆ. ಕಡಾಯಿ ಕುದಿಯತೊಡಗಿದ ಮೇಲೆ ಗಾಣದ ಯಜಮಾನರ ಹೆಂಡತಿ ಜಮಖಾನೆ ಹಾಸಿ ಅವಳಿಗೆ ರೊಟ್ಟಿ ಬಡಿಸಿದರು. ಅವಳು ಕಡಾಯಿಯಿಂದ ತಂತಿ ಎಳೆದು ಮೀಟರನ್ನು ತಾಟಿನ ಪಕ್ಕಕ್ಕೇ ಇಟ್ಟುಕೊಂಡು, ಉಣ್ಣುತ್ತಲೇ ಅಂಕಿ ನೋಡುತ್ತಿದ್ದಳು. ಒಲೆಯ ಬಾಯಿ ಗೋಡೆಯ ಆಚೆಗೆ, ಅವಳಿಗೆ ಕಾಣದ ಕಡೆಗಿತ್ತು. ನಾನು ಅತ್ತ ಹೋದೆ. ಬೆಂಕಿಗೆ ಕಬ್ಬಿನ ಸಿಪ್ಪೆ ಹಾಕುವವನು ಕೈಕಟ್ಟಿ ಕೂತಿದ್ದ.

“ಯಾಕೋ ತಮ್ಮಾ, ಉರಿ ಬಿಟ್ಟೀಯಲ್ಲ?”

“ಅಕ್ಕಾರು ಉಣ್ಣಾಕತ್ತಾರಲ್ರಿ. ಈಗ ಸಿಪ್ಪಿ ಒಗದ್ರ ಹೊಗಿ ಎಲ್ಲಾ ಅವರ ತಾಟಿಗೇ ಹೊಕ್ಕೈತಿ.”

“ಪ್ರತಿ ರವಿವಾರಾನೂ ಹಿಂಗ ಏನು?”

“ಮತ್ತ? ಬಂದೋರಿಗೆ ಹೊಗಿ ಉಣಸೂದೇನ್ರಿ?”

ಸುದ್ದಿ ಖಚಿತವಾದ ಮೇಲೆ ತಡೆಹಿಡಿಯುವ ಅಭ್ಯಾಸ ನನಗಿಲ್ಲ. ಬಂದು ಹೇಳಿದೆ. ಅವಳು ತುತ್ತು ನಿಲ್ಲಿಸಿ ಮೀಟರು ನೋಡಿದಳು. ಅಂಕಿ ಇಳಿಯುತ್ತಿತ್ತು.

“ಅಂದ್ರ ನಾ ಬರದದ್ದು ನನ್ನ ಊಟದ ಬಗ್ಗೆ?” ಎಂದಳು.

ಮುಂದಿನ ವಾರ ಊಟ ಬೇಡವೆಂದಾಗ ಯಜಮಾನರು ನೊಂದುಕೊಂಡರು. “ನೀವು ಉಪಾಸ ಕುಂತ್ರ ನಾವು ಹೆಂಗ ಉಣ್ಣೂದ್ರಿ?” ಕೊನೆಗೆ ಪಾಕ ಇಳಿಯುವ ತನಕ ಯಾರೂ ಉಣ್ಣಬಾರದೆಂದು ಅವರೇ ಕಟ್ಟು ಮಾಡಿದರು. ಒಲೆಯ ಕಡೆಯಿಂದ ಗೊಣಗಾಟ ಕೇಳಿಸಿತು: “ಅಕ್ಕಾರ ಪರೀಕ್ಷಾ, ನಮ್ಮ ಹೊಟ್ಟಿಗೆ ಶಿಕ್ಷಾ.” ಬಾಕಿ ಉಳಿದ ರವಿವಾರಗಳೆಲ್ಲ ಹಾಗೆಯೇ ಹಸಿದುಕೊಂಡು ಕಳೆದವು.

ಹೊಸ ಚುಕ್ಕಿಗಳು ಸುಮ್ಮನೆ ಏರಿದವು, ಎಲ್ಲಿಯೂ ಇಳಿಯಲಿಲ್ಲ. ಅವಳು ಘಾತವನ್ನು ಒಂದೊಂದಾಗಿ ಇಳಿಸಿದಳು. ಪುಸ್ತಕದಲ್ಲಿರುವಂಥ ಸಾದಾ ಗೆರೆಯೇ ಸಾಕಾಯಿತು.

“ಈ ಸಲ ಗೆರಿ ಭಾರಿ ಕುಂತೈತ್ರಿ ಅಕ್ಕಾರ,” ಎಂದು ಸೆಂಟರಿನವನು ಪ್ರಿಂಟ್ ತೆಗೆದುಕೊಟ್ಟ. ಅವಳು ತಲೆಯಾಡಿಸಿದಳು.

ಹಳೆಯ ಅಧ್ಯಾಯವನ್ನು ತೆಗೆದುಹಾಕಿದಳು. ಅದರ ಜಾಗದಲ್ಲಿ ಉಳಿದದ್ದು ಒಂದು ಗ್ರಾಫು, ಒಂದೂವರೆ ಪುಟ. ಧಾರವಾಡದಲ್ಲಿ ಮಾರ್ಗದರ್ಶಕರು ಅದನ್ನು ನಿಧಾನವಾಗಿ ಓದಿ, “ತಪ್ಪೇನಿಲ್ಲ. ಹೊಸದೂ ಏನಿಲ್ಲ,” ಎಂದು ಸಹಿ ಹಾಕಿದರು. ನೋಂದಣಿ ಉಳಿಯಿತು.

ವಾಪಸು ಬರುವ ಬಸ್ಸಿನಲ್ಲಿ ನಮ್ಮಿಬ್ಬರಿಗೂ ನಿಲ್ಲುವಷ್ಟೇ ಜಾಗವಿತ್ತು. ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡೇ ಅವಳು, “ಮುಂದಿನ ರವಿವಾರ ಎಲ್ಲಿಗೂ ಹೋಗೂದಿಲ್ರಿ,” ಎಂದಳು.