ಡುಮ್ಮ ಹೋಗಿಬರುತ್ತಿದ್ದ ಮನೆಗಳು

ಇಸ್ತ್ರಿ ಅಂಗಡಿಯವನಿಗೆ ಗಿರಾಕಿಗಳ ಅಂಗಿ-ಪ್ಯಾಂಟೆಲ್ಲ ಅಂಗೈ ರೇಖೆಯಷ್ಟು ಪರಿಚಯ. ಅವರ ಮನೆಗಳು ಮಾತ್ರ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಪ್ರಮೇಯವೇ ಬಂದಿರಲಿಲ್ಲ. ಸಂಜೆ ಬಟ್ಟೆಗಂಟುಗಳನ್ನು ಸೈಕಲ್ಲಿಗೆ ಹೇರಿ, “ನಡಿಯಪ್ಪಾ, ಡಾಕ್ಟರಮ್ಮನ ಮನೆಗೆ” ಎಂದರೆ ಸಾಕು, ಅವನ ನಾಯಿ ಡುಮ್ಮ ಬಾಲವೆತ್ತಿಕೊಂಡು ಮುಂದೆ ಹೊರಡುತ್ತಿದ್ದ. ಹೀಗೇ ಹನ್ನೊಂದು ವರ್ಷ.

ವಯಸ್ಸಾಗಿದ್ದ ಡುಮ್ಮ ಒಂದು ಬೆಳಿಗ್ಗೆ ಎಳೆಬಿಸಿಲಲ್ಲಿ ಮಲಗಿದ್ದವನು ಏಳಲಿಲ್ಲ. ಎರಡು ದಿನ ಅಂಗಡಿ ಬಾಗಿಲು ಹಾಕಿತ್ತು. ಮೂರನೆಯ ದಿನ ಇಸ್ತ್ರಿಯವನು ಒಬ್ಬನೇ ಹೊರಟ. ಎಲ್ಲ ಕಟ್ಟಡಗಳೂ ಒಂದೇ ಅಚ್ಚು, ಎಲ್ಲ ಬಾಗಿಲುಗಳೂ ಒಂದೇ ಬಣ್ಣ. ಧೈರ್ಯಮಾಡಿ ಒಂದು ಬೆಲ್ ಒತ್ತಿದ. ಕಡ್ಡಿಯಂತಿದ್ದ ಸಂಗೀತದ ಮೇಷ್ಟ್ರು ಬಾಗಿಲು ತೆರೆದು, ಅವನು ಕೊಟ್ಟ ಗಂಟು ಬಿಚ್ಚಿ, ಅದರಲ್ಲಿದ್ದ ದಢೂತಿ ಡ್ರಿಲ್ ಮೇಷ್ಟ್ರ ಪ್ಯಾಂಟನ್ನು ಎತ್ತಿಹಿಡಿದರು.

“ಏನಯ್ಯಾ ಇದು? ಇದರೊಳಗೆ ನನ್ನಂಥೋರು ಇಬ್ರು ಸಂಸಾರ ಹೂಡಬಹುದು! ಎಲ್ಲಿ ನಿಮ್ಮ ಡುಮ್ಮ?”

ಅವನು ತಲೆತಗ್ಗಿಸಿ ವಿಷಯ ಹೇಳಿದ. ಮೇಷ್ಟ್ರು ಪ್ಯಾಂಟನ್ನು ಮೆಲ್ಲಗೆ ಮಡಚಿ ಗಂಟಿನೊಳಗಿಟ್ಟರು.

“ನಾನು ಹಾಡಿದ್ರೆ ಕೊನೇತನಕ ಕೂತು ಕೇಳ್ತಿದ್ದವನು ಅವನೊಬ್ಬನೇ ಕಣಯ್ಯಾ. ನನ್ನ ಹೆಂಡ್ತೀನೂ ಎದ್ದುಹೋಗ್ತಾಳೆ.”

ಒಳಗಿನಿಂದ, “ಕೇಳಿಸ್ತು!” ಎಂಬ ದನಿ ಬಂತು. ಇಸ್ತ್ರಿಯವನಿಗೆ ತಡೆಯಲಾರದೆ ನಗು ಬಂತು.

ಮೇಷ್ಟ್ರೇ ಅವನನ್ನು ಮೂರನೆಯ ಮಹಡಿಯ ಅಜ್ಜಿಯ ಮನೆಗೆ ಕರೆದೊಯ್ದರು. ಅಜ್ಜಿ ಸುದ್ದಿ ಕೇಳಿ ಕಣ್ಣೊರೆಸಿಕೊಂಡರು.

“ಪಾಪ, ದಿನಾ ಎರಡು ಬಿಸ್ಕತ್ತು ತಿಂದು ಹೋಗ್ತಿದ್ದ. ನೀನು ಮನೇಲಿ ಹೊಟ್ಟೆಗೇ ಹಾಕಲ್ವೇನೋ ಅನ್ನೋ ಹಾಗೆ ನೋಡೋನು!”

“ಅಯ್ಯೋ ಅಜ್ಜೀ, ಎರಡು ಸಲ ಉಂಡೇ ಹೊರಡ್ತಿದ್ದ!”

“ಕಳ್ಳ ಮುಂಡೇದು!” ಎಂದು ಅಜ್ಜಿ ಒದ್ದೆಗಣ್ಣಲ್ಲೇ ಬಿದ್ದುಬಿದ್ದು ನಕ್ಕರು.

ಅಂದು ಮನೆ ಸೇರುವಾಗ ಅರ್ಧ ಗಂಟುಗಳು ಸೈಕಲ್ಲಿನಲ್ಲೇ ಉಳಿದಿದ್ದವು. ಡುಮ್ಮ ಹೋದಾಗಿನಿಂದ ಮಾತೇ ಆಡದಿದ್ದ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜ ಕುಲುಕಿತು. ಅಳುತ್ತಿದ್ದಾಳೆಂದು ಅವನು ಗಾಬರಿಯಾದ. ನೋಡಿದರೆ, ನಗು.

“ಎರಡಲ್ಲ ರೀ, ಮೂರು ಸಲ. ನಿಮ್ಮ ಕಣ್ಣು ತಪ್ಪಿಸಿ ನಾನೂ ಒಂದು ಸಲ ಹಾಕ್ತಿದ್ದೆ.”

“ಅದಕ್ಕೇ ಆ ಹೊಟ್ಟೆ!”

“ನಾಳೆ ನಾನೂ ಬರ್ತೀನಿ. ಇನ್ನೂ ಎಷ್ಟು ಮನೇಲಿ ಏನೇನು ನಾಟಕ ಆಡಿದ್ದಾನೋ, ನಾನೂ ಕೇಳ್ಬೇಕು.”

ಮರುದಿನ ಇಬ್ಬರೂ ಹೊರಟರು. ಡಾಕ್ಟರಮ್ಮನ ಮನೆಯೊಂದರಲ್ಲೇ ಒಂದು ಗಂಟೆ ಕಳೆಯಿತು.