ಹೊಗೆಗೂಡಿಲ್ಲದ ಮನೆ

ಅಜ್ಜಿ ಡ್ರೈವರ್ ಬುರುಡೆಯನ್ನು ಮೊದಲು ನೋಡಿದ್ದು ಜೀಪ್ ಸ್ಟ್ಯಾಂಡಿನಲ್ಲಿ. ಒಂದು ಟೈರಿಗೆ ಒದ್ದು, ಕಿವಿಗೊಟ್ಟು, ಸಮಾಧಾನವಾದ ಮೇಲೆ ಮುಂದಿನ ಟೈರಿಗೆ ಹೋಗುತ್ತಿದ್ದ. ಐವತ್ತು ದಾಟಿದ ಆಳು. ಹಿಮ ಬೀಳುವ ಬೆಟ್ಟದ ಮೇಲಿನ ಹಾಳು ಗಣಿಯನ್ನು ಜನರಿಗೆ ತೋರಿಸುವಾಗ ಅವನು ಬಿಡುತ್ತಿದ್ದ ಮಾತು ಕೇಳಿ ಉಳಿದ ಡ್ರೈವರುಗಳು ಇಟ್ಟ ಹೆಸರು ಅದು. ಹಾಗೆ ಕೂಗಿದರೆ ಅವನು ಓಗೊಡುತ್ತಿದ್ದ, ಬೇಸರವೇನೂ ಇರಲಿಲ್ಲ.

ಅಜ್ಜಿಯ ಮಗಳು ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಅಷ್ಟು ಎತ್ತರ ಹೋದರೆ ತನಗೆ ತಲೆ ಸಿಡಿಯುತ್ತದೆ ಎಂದು ಕೆಳಗೇ ಉಳಿದಳು. ಹಿಂದಿನ ಸೀಟಿನಲ್ಲಿ ಹೊಸದಾಗಿ ಮದುವೆಯಾದ ಹುಡುಗ, ಹುಡುಗಿ.

"ಅಜ್ಜಿ, ಮೇಲೆ ಗಾಳಿ ತೆಳ್ಳಗಿರುತ್ತೆ. ಉಸಿರು ಸಿಗದಿದ್ರೆ ಹೇಳಿ," ಎಂದ ಬುರುಡೆ.

"ಹೇಳೋಕೂ ಉಸಿರು ಬೇಕಲ್ಲಪ್ಪ."

ಆ ಗಣಿಯಲ್ಲೇ ಅಜ್ಜಿ ಸಂಸಾರ ಮಾಡಿದವಳೆಂದು ಅವನಿಗೆ ತಿಳಿಯದು. ಅವಳ ಗಂಡ ಅಲ್ಲಿ ಅದಿರಿನ ಟ್ರಾಲಿ ತಳ್ಳುತ್ತಿದ್ದ. ಗಣಿ ಮುಚ್ಚಿದ ಮೇಲೆ ಇಬ್ಬರೂ ಕೆಳಗಿಳಿದರು. ಗಂಡ ತೀರಿಕೊಂಡ ಮೇಲೆ ಅದನ್ನೊಂದು ಸಲ ನೋಡಿ ಬರಬೇಕೆಂದು ಮಗಳ ತಲೆ ತಿಂದಿದ್ದಳು.

ಮೇಲೆ ಸೂರುಗಳು ಹೋಗಿ ಗೋಡೆಗಳು ಉಳಿದಿದ್ದವು. ಗಂಡಸರ ಸ್ನಾನದ ಕೋಣೆಯನ್ನು ಬುರುಡೆ ಖಜಾನೆ ಎಂದು ತೋರಿಸಿದ. ಹುಡುಗಿ ಬೆರಗಾಗಿ ನೋಡಿದಳು. ಅವಳ ಖುಷಿ ಯಾಕೆ ಕೆಡಿಸಬೇಕೆಂದು ಅಜ್ಜಿ ಮುಂದೆ ನಡೆದಳು. ಸ್ವಲ್ಪ ಮುಂದೆ ಹುಡುಗಿ ಏದುಸಿರು ಬಿಡುತ್ತ ಒಂದು ಹೊಸ್ತಿಲ ಮೇಲೆ ಕೂತಳು.

"ಮೇಡಂ, ನಾನು ಹುಟ್ಟಿದ್ದು ಇದೇ ಮನೇಲಿ," ಎಂದ ಬುರುಡೆ. ಹುಡುಗಿ ಮರ್ಯಾದೆಗೆ ಎದ್ದು ನಿಂತಳು.

ಅದು ಅಜ್ಜಿಯ ಮನೆ. ಅಲ್ಲಿ ಯಾರೂ ಹುಟ್ಟಿರಲಿಲ್ಲ. ಅವಳ ಮಗಳು ಹುಟ್ಟಿದ್ದು ಕೆಳಗಿನ ಆಸ್ಪತ್ರೆಯಲ್ಲಿ.

ಸಾಲಿನ ಕೊನೆಗೆ ದಪ್ಪ ಕಂಬಿಯ ಕಿಟಕಿಯಿದ್ದ ಒಂಟಿ ಮನೆ. ಇದು ಜೈಲು ಎಂದ. ಗಂಡಹೆಂಡತಿ ಫೋಟೋ ತೆಗೆದುಕೊಳ್ಳಲು ಒಳಗೆ ಹೋದರು. ಅಜ್ಜಿ ಅವನನ್ನು ಪಕ್ಕಕ್ಕೆ ಕರೆದಳು.

"ನೀನು ಯಾರ ಮಗನಪ್ಪ?"

ಬುರುಡೆ ಅವಳ ಮುಖ ನೋಡಿದ. "ಅಪ್ಪ ಮದ್ದಿನವನು, ಬಂಡೆ ಸಿಡಿಸ್ತಿದ್ದ. ನಾನು ತೆವಳೋವಾಗ್ಲೇ ಹೋಗ್ಬಿಟ್ಟ. ಅಮ್ಮ ನನ್ನ ಎತ್ಕೊಂಡು ಇಳಿದವಳು ಸಾಯೋವರೆಗೂ ಇಲ್ಲಿನ ಸುದ್ದಿ ಎತ್ತಲಿಲ್ಲ. ಕೇಳಿದ್ರೆ ಪಾತ್ರೆ ತೊಳೆಯೋಕೆ ಹೋಗೋಳು. ಬೇರೆ ಮಾತೂ ಅಷ್ಟಕ್ಕಷ್ಟೆ. ನಮ್ಮನೆ ಯಾವುದು ಅಂತ ತಿಳಿದೋರು ಯಾವತ್ತಾದ್ರೂ ಬಂದಾರು ಅಂತಾನೇ ಈ ಜೀಪ್ ಓಡಿಸ್ತಿರೋದು."

"ಅಲ್ಲಿ ಹುಟ್ಟಿದೆ ಅಂದ್ಯಲ್ಲ?"

"ಜನ ಎಲ್ಲಿ ಸುಸ್ತಾಗಿ ಕೂರ್ತಾರೋ ಅಲ್ಲೇ ಹುಟ್ಟಿರ್ತೀನಿ ಅಜ್ಜಿ. ಯಾವುದೋ ಒಂದು ಸರಿ ಇರಲೇಬೇಕಲ್ಲ."

ಆ ಗಣಿಯಲ್ಲಿ ಒಂದು ಕಟ್ಟಳೆಯಿತ್ತು. ಮದ್ದಿನವನ ಮನೆಯಲ್ಲಿ ಬೆಂಕಿ ಹೊತ್ತಿಸಕೂಡದು. ಅದಕ್ಕೇ ಅವನ ಮನೆಯನ್ನು ಎಲ್ಲರಿಂದ ದೂರ, ಹೊಗೆಗೂಡಿಲ್ಲದೆ ಕಟ್ಟಿದ್ದರು. ಮದ್ದಿನ ಬತ್ತಿಯ ಸುರುಳಿಗಳು ಮನೆಯಲ್ಲೇ ಇರುತ್ತಿದ್ದವು, ಯಾರೂ ಕದಿಯಬಾರದೆಂದು ಕಿಟಕಿಗೆ ಕಂಬಿ. ಅವನ ಹೆಂಡತಿ ಎರಡು ಹೊತ್ತೂ ಅಜ್ಜಿಯ ಒಲೆಯ ಮೇಲೆ ಅಡುಗೆ ಮಾಡಿಕೊಂಡು ಪಾತ್ರೆ ಹೊತ್ತು ಹೋಗುತ್ತಿದ್ದಳು.

ಇಷ್ಟನ್ನೂ ಹೇಳಿ ಅಜ್ಜಿ ಗದ್ದ ಎತ್ತಿ ಜೈಲಿನ ಕಡೆ ತೋರಿಸಿದಳು. "ಅದೇ ನಿಮ್ಮನೆ."

ಕಂಬಿ ಹಿಡಿದುಕೊಂಡು ಹುಡುಗ ಅಳುವ ಮುಖ ಮಾಡುತ್ತಿದ್ದ. ಹುಡುಗಿ ಫೋಟೋ ತೆಗೆಯುತ್ತಿದ್ದಳು.

"ನೀನು ಒಳಗೆ ಹೋಗಿದೀಯಾ?"

"ಇಲ್ಲ. ಜೈಲಿಗೆ ಯಾಕೆ ಹೋಗಲಿ?"

ಅವರು ಹೊರಗೆ ಬಂದ ಮೇಲೆ ಬುರುಡೆ ಒಳಗೆ ಹೋದ. ಬರುವಾಗ ಭುಜಕ್ಕೆಲ್ಲ ಸುಣ್ಣ ಮೆತ್ತಿತ್ತು. ಇಳಿಯುವ ದಾರಿಯಲ್ಲಿ ಒಂದು ಬುರುಡೆಯನ್ನೂ ಬಿಡಲಿಲ್ಲ. ಗೈಡ್‌ಗೆ ಮೈ ಸರಿಯಿಲ್ಲವೇನೋ ಎಂದುಕೊಂಡ ಹುಡುಗಿ ಒಂದು ಮಾತ್ರೆ ಕೊಟ್ಟಳು. ಅವನು ನುಂಗಿದ.

ಆಮೇಲೂ ಅದನ್ನು ಜೈಲೆಂದೇ ತೋರಿಸುತ್ತಿದ್ದ. ಇಲ್ಲದಿದ್ದರೆ ಜನ ಸಾಲಿನ ಕೊನೆಯವರೆಗೆ ನಡೆಯುವುದಿಲ್ಲ. ಆದರೆ ಬೇರೆ ಮನೆಗಳಲ್ಲಿ ಹುಟ್ಟುವುದನ್ನು ಬಿಟ್ಟ. ತಾನು ಹುಟ್ಟಿದ್ದು ಇದೇ ಜೈಲಿನಲ್ಲಿ ಎನ್ನುತ್ತಿದ್ದ. ಅವನು ಹೇಳಿದ್ದರಲ್ಲಿ ಜನ ನಂಬದೆ ಹೋದದ್ದು ಅದೊಂದೇ.

ಹಿಮ ಬಿದ್ದು ದಾರಿ ಮುಚ್ಚಿದಾಗ ಕೆಳಗೆ ಅಜ್ಜಿಯ ಈಗಿನ ಮನೆಗೆ ಬರುತ್ತಿದ್ದ. ಈಗ ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದ. ಮಂಚ ಯಾವ ಗೋಡೆಗಿತ್ತು, ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ, ನೀರಿನ ಕೊಡ ಎಲ್ಲಿಡುತ್ತಿದ್ದರು ಎಂದು ಆ ಕಂಬಿಯ ಮನೆಯ ಬಗ್ಗೆ ಕೇಳುತ್ತಿದ್ದ. ಅಜ್ಜಿ ಗೊತ್ತಿದ್ದದ್ದು ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ತಾಯಿಯ ಬಗ್ಗೆ ಅವನು ಕೇಳಲಿಲ್ಲ. ಕೇಳದೆ ಹೇಳುವುದು ಅಜ್ಜಿಗೂ ಬರುತ್ತಿರಲಿಲ್ಲ.

ಆಮೇಲೊಂದು ಸಲ ಎದೆಯ ಕಾಯಿಲೆಯಿಂದ ಅವನು ಆಸ್ಪತ್ರೆ ಸೇರಿದ. ಅಜ್ಜಿ ನೋಡಲು ಹೋದಾಗ ಮೂಗಿಗೆ ನಳಿಕೆ ಸಿಕ್ಕಿಸಿದ್ದರು. ಮಾತಾಡಿಸಬೇಡಿ ಎಂದು ನರ್ಸು ಹೇಳಿ ಹೋದಳು. ಅಜ್ಜಿ ಸ್ಟೂಲಿನ ಮೇಲೆ ಕೂತು ಹೊದಿಕೆ ಸರಿಮಾಡಿದಳು. ಅವನು ನಳಿಕೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ.

"ದೊಡ್ಡಮ್ಮ, ನಿಮ್ಮ ಒಲೆ ಮುಂದೆ ಕೂತಾಗಲಾದ್ರೂ ನಮ್ಮಮ್ಮ ಮಾತಾಡ್ತಿದ್ಲಾ?"